ಇನ್ನೊಂದು ಸಾಲು ಕೆಳಗೆ

ನಮ್ಮ ಕನ್ನಡಕದ ಅಂಗಡಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಸುಳ್ಳು ಹೇಳುತ್ತಾರೆ. ಕಾಣದ್ದನ್ನು ಕಾಣುತ್ತದೆ ಎನ್ನುವವರು ಕಡಿಮೆ. ಅವರೆಲ್ಲ ಡ್ರೈವರ್ ಕೆಲಸಕ್ಕೆ ಅರ್ಜಿ ಹಾಕಿಕೊಂಡವರು. ಉಳಿದವರದ್ದು ಅದಕ್ಕೆ ತದ್ವಿರುದ್ಧ. ಕಾಣುತ್ತಿದ್ದರೂ ಕಾಣುವುದಿಲ್ಲ ಎನ್ನುತ್ತಾರೆ. ಹಿಂದಿನ ಕತ್ತಲೆ ಕೋಣೆಯಲ್ಲಿ ಕುರ್ಚಿಯ ಮೇಲೆ ಕೂರಿಸಿ, ಗಾಜು ಹಾಕಿ ತೆಗೆಯುವ ಭಾರದ ಚೌಕಟ್ಟನ್ನು ಮೂಗಿನ ಮೇಲಿಟ್ಟು, ಎದುರಿನ ಗೋಡೆಯ ಚಾರ್ಟು ಓದಿ ಎಂದರೆ, ಮೇಲಿನ ದೊಡ್ಡ ಅಕ್ಷರಗಳನ್ನು ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ ಗಟ್ಟಿಯಾಗಿ ಓದುತ್ತಾರೆ. ಸಾಲು ಸಣ್ಣದಾಗುತ್ತ ಹೋದಂತೆ ದನಿಯೂ ಸಣ್ಣದಾಗುತ್ತದೆ. ಆಮೇಲೆ ಒಂದು ಕಡೆ ನಿಂತುಬಿಡುತ್ತಾರೆ. "ಇಷ್ಟೇ. ಮುಂದೆ ಗೊತ್ತಾಗಲ್ಲ."

ಆ 'ಇಷ್ಟೇ'ಯನ್ನು ನಂಬಬಾರದು. ತಪ್ಪು ಓದಿದರೆ ನಗೆಪಾಟಲಾದೀತು ಎಂಬ ಹೆದರಿಕೆಗೆ ಜನ ತಮ್ಮ ಕಣ್ಣಿಗಿಂತ ಒಂದು ಸಾಲು ಮೇಲೆಯೇ ನಿಲ್ಲುತ್ತಾರೆ. ಅದನ್ನು ನಂಬಿ ಕನ್ನಡಕ ಮಾಡಿದರೆ ಬೇಡದ ಪವರ್ ಕೊಟ್ಟ ಹಾಗೆ. ಅದಕ್ಕೇ ನಾನು ಎಲ್ಲರಿಗೂ ಹೇಳುವ ಮಾತು ಒಂದೇ: "ಇನ್ನೊಂದು ಸಾಲು ಕೆಳಗೆ. ಗೊತ್ತಾಗದಿದ್ರೂ ಪರವಾಗಿಲ್ಲ, ಊಹೆ ಮಾಡಿ ಹೇಳಿ." ಗೊಣಗುತ್ತಲೇ ಹೇಳುತ್ತಾರೆ, ಹೆಚ್ಚಿನವರು ಸರಿಯಾಗಿಯೇ ಹೇಳುತ್ತಾರೆ. ಆಗ ಅವರ ಮುಖ ನೋಡಬೇಕು. ಅಂಗಡಿಯ ಯಜಮಾನರು ಮುಂದಿನ ಕೌಂಟರಿನಲ್ಲಿ ಕೂತು ಗಿರಾಕಿಗಳಿಗೆ ಹೇಳುತ್ತಿರುತ್ತಾರೆ, "ನಮ್ಮ ಹುಡುಗಿ ಕಲ್ಲನ್ನೂ ಓದಿಸ್ತಾಳೆ."

ಕಲ್ಲನ್ನು ಓದಿಸುವ ಈ ಮಹಾತಾಯಿ ಹೋದ ಭಾನುವಾರ ಸ್ವಂತ ತಂಗಿಯ ಬಾಯಿ ಮುಚ್ಚಿಸಿದಳು.

ತಂಗಿಗೆ ಮನೆಯಲ್ಲಿ ಪಿಟೀಲು ಎಂದು ಹೆಸರು. ಆ ವಾದ್ಯವನ್ನು ಅವಳು ಮುಟ್ಟಿದವಳೇ ಅಲ್ಲ. ಚಿಕ್ಕವಳಿದ್ದಾಗ ಒಂದು ಸಂಜೆ, ಬಸ್ಸು ಓಡಿಸಿ ಸುಸ್ತಾಗಿ ಬಂದ ಅಪ್ಪನ ಪಕ್ಕ ಕೂತು, ಇರುವೆಗಳಿಗೆ ದಾರಿ ಹೇಗೆ ತಿಳಿಯುತ್ತದೆ ಎಂದು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. "ಎಷ್ಟು ಪಿಟೀಲು ಕುಯ್ತೀಯೇ ತಾಯಿ" ಎಂದು ಅಪ್ಪ ಕೈ ಮುಗಿದರು, ಹೆಸರು ಅಂಟಿಕೊಂಡಿತು. ಗೊತ್ತಿರುವುದಕ್ಕಿಂತ ಗೊತ್ತಿಲ್ಲದ್ದರ ಬಗ್ಗೆಯೇ ಅವಳಿಗೆ ಮಾತು ಹೆಚ್ಚು. ಎರಡು ವರ್ಷದ ಹಿಂದೆ ನಮ್ಮ ಅಂಗಡಿಯಲ್ಲಿ ಕಣ್ಣು ಪರೀಕ್ಷೆಗೆ ಕೂತಾಗ ಚಾರ್ಟಿನ ಕೊನೆಯ ಸಾಲನ್ನೂ ದಾಟಿ, ಅದರಡಿಯಲ್ಲಿ ಇರುವೆಯ ಕಾಲಿನಷ್ಟು ಸಣ್ಣಗಿದ್ದ ಮುದ್ರಕರ ಹೆಸರನ್ನೂ ಊಹಿಸಿದ್ದಳು. ಪೂರ್ತಿ ತಪ್ಪು. ಇಲ್ಲದ ಒಂದು ಪ್ರೆಸ್ಸನ್ನೇ ಹುಟ್ಟಿಸಿ, ಮಾಲೀಕರಿಗೊಂದು ಮನೆತನವನ್ನೂ ಕೊಟ್ಟಿದ್ದಳು.

ಅವಳಿಗೆ ಡಾಕ್ಟರಾಗಬೇಕು. ಪ್ರವೇಶ ಪರೀಕ್ಷೆ ಚೆನ್ನಾಗಿಯೇ ಬರೆದಿದ್ದಾಳೆ. ಊರು ತಿರುಗಿ ನೋಡುವಷ್ಟಲ್ಲ, ನಾವು ತಲೆ ತಗ್ಗಿಸುವಷ್ಟೂ ಅಲ್ಲ. ಇಲ್ಲಿನ ನಿಯಮದಂತೆ ಒಬ್ಬರು ಐದೇ ಮೆಡಿಕಲ್ ಕಾಲೇಜುಗಳಿಗೆ ಅರ್ಜಿ ಹಾಕಬಹುದು. ಆ ಕಾಲೇಜುಗಳು ತಮಗೆ ಬೇಕಾದವರನ್ನು ಇಂಟರ್‌ವ್ಯೂಗೆ ಕರೆಯುತ್ತವೆ. ಆ ಐದನ್ನು ಆರಿಸುವುದರಲ್ಲೇ ಅರ್ಧ ಜಾಣತನ ಇರುವುದು. ತೀರಾ ಮೇಲಕ್ಕೆ ಕೈಚಾಚಿದರೆ ಒಂದೂ ಸಿಗದು, ತೀರಾ ಕೆಳಗೆ ಬಗ್ಗಿದರೆ ಸಿಕ್ಕಿದ್ದಕ್ಕೇ ಜೀವನ ಪೂರ್ತಿ ಹಣೆ ಚಚ್ಚಿಕೊಳ್ಳಬೇಕು. ನಮ್ಮ ಮನೆಯಲ್ಲಿ ಈ ವಿಷಯಕ್ಕೆ ನಾನೇ ಪಂಡಿತೆ. ಕೆಲವು ವರ್ಷಗಳ ಹಿಂದೆ ನಾನೂ ಅರ್ಜಿ ಹಾಕಿದ್ದೆ. ನದಿಯಾಚೆಯ ಹಳೆಯ ದೊಡ್ಡ ಕಾಲೇಜು ಮಾತ್ರ ಕರೆದಿತ್ತು, ಕರೆದು ಬೇಡ ಎಂದಿತ್ತು. "ದೊಡ್ಡವಳಿಗೆ ಎಲ್ಲ ಗೊತ್ತು, ಅವಳನ್ನ ಕೇಳು" ಎಂದು ಅಪ್ಪ ಭಾನುವಾರದ ಡ್ಯೂಟಿಗೆ ಹೊರಟುಹೋದರು. ದಾರಿ ತಪ್ಪಿದವಳಿಗೆ ದಾರಿ ಚೆನ್ನಾಗಿ ಗೊತ್ತಿರುತ್ತದೆ ಎಂದು ಅವರ ನಂಬಿಕೆ ಇರಬೇಕು.

ಊಟದ ಮೇಜಿನ ಒಂದು ಕೊನೆಯಲ್ಲಿ ಅಮ್ಮ ಇಸ್ತ್ರಿ ಹಾಕುತ್ತಿದ್ದಳು. ಇನ್ನೊಂದು ಕೊನೆಯಲ್ಲಿ ನಾವಿಬ್ಬರು. ಪಿಟೀಲು ತನ್ನ ಐದು ಕಾಲೇಜುಗಳನ್ನು ಫೋನಿನಲ್ಲಿ ತುಂಬಿ ತೋರಿಸಿದಳು. ಸ್ಟೇಷನ್ ಹತ್ತಿರದ್ದು, ಇನ್ನೂ ಬಣ್ಣದ ವಾಸನೆ ಹೋಗದ ಹೊಸದು, ಬೆಟ್ಟದ ಮೇಲಿನದು, ಇಬ್ಬರು ಪ್ರಾಧ್ಯಾಪಕರು ಕೈ ಕೈ ಮಿಲಾಯಿಸಿ ಪತ್ರಿಕೆಗೆ ಬಂದಿದ್ದ ಕಾಲೇಜು. ಐದನೆಯದು ನದಿಯಾಚೆಯದು.

"ನಾಲ್ಕು ಸರಿ ಇದೆ," ಎಂದೆ. "ಐದನೇದು ಯಾಕೆ?"

"ಅಲ್ಲಿ ಓದಬೇಕು ಅನ್ನಿಸುತ್ತೆ, ಅದಕ್ಕೆ."

"ಅನ್ನಿಸೋಕೇನು ಕಷ್ಟ. ಹೋದ ವರ್ಷ ಅಲ್ಲಿ ಕೊನೇಲಿ ಸೀಟು ಸಿಕ್ಕಿದವರ ಅಂಕ ನೋಡು. ನಿನ್ನದು ಅದಕ್ಕಿಂತ ಕಮ್ಮಿ."

"ಸ್ವಲ್ಪ ಕಮ್ಮಿ. ಆದ್ರೆ ಅವರು ಇಂಟರ್‌ವ್ಯೂಗೂ ಅಷ್ಟೇ ತೂಕ ಕೊಡ್ತಾರೆ ಅಕ್ಕ."

ಅಮ್ಮ ಇಸ್ತ್ರಿ ಪೆಟ್ಟಿಗೆ ಎತ್ತದೆಯೇ ಹೇಳಿದಳು, "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ ಕಣೇ."

"ಕಾಲು ಇನ್ನೂ ಬೆಳೀತಾ ಇದ್ರೆ ಏನ್ಮಾಡೋದಮ್ಮ?" ಎಂದು ಪಿಟೀಲು ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ, "ನಾಲ್ಕು ಕಡೆ ಸಿಗೋ ಹಾಗಿದೆ ಅಂತ ನೀನೇ ಹೇಳ್ತೀಯ. ಹಾಗಿದ್ಮೇಲೆ ಒಂದು ಹೋದ್ರೆ ಹೋಗ್ಲಿ. ನಾಲ್ಕು ಉಳಿಯುತ್ತಲ್ಲ," ಎಂದಳು.

ಲೆಕ್ಕ ಅವಳದೇ ಸರಿ. ಬೇರೆ ಯಾರ ಮನೆಯ ಹುಡುಗಿ ಕೇಳಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ: ನಾಲ್ಕು ಕೈಗೆಟುಕುವಂಥದ್ದು ಹಾಕು, ಒಂದಕ್ಕೆ ತುದಿಗಾಲಲ್ಲಿ ನಿಲ್ಲು. ಆದರೆ ನನಗೆ ಆಗ ಲೆಕ್ಕ ಕಾಣಲಿಲ್ಲ. ಅವಳು ಆ ಕಾಲೇಜಿನ ಅಗಲವಾದ ಮೆಟ್ಟಿಲು ಹತ್ತುವುದು ಕಂಡಿತು. ದಿನಾ ಸಂಜೆ ಬಂದು ಇದೇ ಮೇಜಿನಲ್ಲಿ, ಅಲ್ಲಿನ ವಾರ್ಡು ಹೀಗೆ, ಅಲ್ಲಿನ ಡಾಕ್ಟರು ಹಾಗೆ ಎಂದು ಪಿಟೀಲು ಕುಯ್ಯುವುದು ಕೇಳಿಸಿತು. ನಾನು ತಟ್ಟೆಯ ಮುಂದೆ ಕೂತು ಹೂಂಗುಟ್ಟಬೇಕು. ಇದಕ್ಕೆ ಹೊಟ್ಟೆಕಿಚ್ಚು ಎಂಬ ಸರಿಯಾದ ಮಾತೇ ಇದೆ. ನಾನು ಅದಕ್ಕೆ ವಾಸ್ತವ ಎಂದು ಹೆಸರಿಟ್ಟೆ.

"ವಾಸ್ತವ ನೋಡ್ಬೇಕು ಕಣೇ," ಎಂದೆ. "ನಾನು ಇಲ್ಲಿವರೆಗೂ ಹೇಳಿಲ್ಲ. ಅಲ್ಲಿ ಇಂಟರ್‌ವ್ಯೂನಲ್ಲಿ ನನ್ನ ನೋಡಿ ನಕ್ಕರು. ಮೂರು ಜನನೂ. ಇಷ್ಟೂ ಗೊತ್ತಿಲ್ಲದೋಳು ಇಲ್ಲಿಗೆ ಯಾಕೆ ಬಂದೆ ಅಂದರು."

ಸುಳ್ಳು. ಯಾರೂ ನಕ್ಕಿರಲಿಲ್ಲ. ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಹೇಳಿ ಮುಗಿಸುವ ಹೊತ್ತಿಗೆ ನಾನೇ ಅದನ್ನು ಅರ್ಧ ನಂಬಿದ್ದೆ. ಇಸ್ತ್ರಿ ಪೆಟ್ಟಿಗೆ ನಿಂತಿತು. ಅಮ್ಮ ಅದನ್ನು ಪಕ್ಕಕ್ಕಿಟ್ಟು ಬಂದು ನನ್ನ ತಲೆ ಸವರಿದಳು. "ಇಷ್ಟು ವರ್ಷ ಒಬ್ಬಳೇ ನುಂಗಿಕೊಂಡಿದ್ಯಾ? ಅಂಥವರ ಸಹವಾಸವೇ ನಮಗೆ ಬೇಡ."

ಪಿಟೀಲು ನನ್ನ ಮುಖವನ್ನೇ ನೋಡುತ್ತ ಕೂತಳು. ಆಮೇಲೆ ಫೋನಿನಲ್ಲಿ ಐದನೆಯ ಹೆಸರು ಅಳಿಸಿದಳು. ಸ್ವಲ್ಪ ಹೊತ್ತು ಆ ಜಾಗ ಖಾಲಿ ಇತ್ತು. ಊರ ಹೊರಗಿನ, ಬೋರ್ಡಿನ ಅಕ್ಷರವೂ ಉದುರಿದ ಒಂದು ಕಾಲೇಜನ್ನು ನಾನೇ ಸೂಚಿಸಿದೆ. "ಇದು ಖಂಡಿತ ಸಿಗುತ್ತೆ." ಮರುಮಾತಿಲ್ಲದೆ ತುಂಬಿದಳು. ನಾನೇ ನಗುತ್ತ ಎದ್ದು ಹೋಗಿ ಎಲ್ಲರಿಗೂ ಟೀ ಮಾಡಿದೆ. ಅಡುಗೆಮನೆಯಲ್ಲಿ ಹಾಡು ಗುನುಗಿದೆ ಎಂದೂ ನೆನಪು.

ಸಂತೋಷ ಟೀ ಆರುವಷ್ಟು ಹೊತ್ತೂ ಉಳಿಯಲಿಲ್ಲ. ಸಂಜೆ ಅಪ್ಪ ಬಂದಾಗ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಪಿಸುಗುಟ್ಟಿದಳು. ಅಪ್ಪ ತಾವು ಕೂರುವ ಕುರ್ಚಿಯನ್ನು ನನಗೆ ಬಿಟ್ಟುಕೊಟ್ಟರು. ಮಾರನೆಯ ದಿನದಿಂದ ನನಗೆ ರಾಜೋಪಚಾರ. ಬಿಸಿನೀರು ಮೊದಲು ನನಗೆ, ಮೊದಲ ಲೋಟ ಟೀ ನನಗೆ. ಪಕ್ಕದ ಮನೆಯ ಟೀವಿಯಲ್ಲಿ ಯಾರೋ ನಕ್ಕರೂ ಅಮ್ಮ ನನ್ನ ಮುಖ ನೋಡುವಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಯಾರೂ ಕಳ್ಳ ಎನ್ನಲಿಲ್ಲ, ಪಾಪ ಎಂದರು, ನನ್ನ ಹೆಗಲು ಮಾತ್ರ ಕುಗ್ಗುತ್ತಲೇ ಹೋಯಿತು. ಆ ಕರುಣೆಗಿಂತ ಎರಡು ಏಟು ಕೊಟ್ಟಿದ್ದರೆ ತಿಂದುಕೊಳ್ಳುತ್ತಿದ್ದೆ.

ಪಿಟೀಲು ಸದ್ದಿಲ್ಲದೆ ಓಡಾಡುತ್ತಿದ್ದಳು. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಅಪ್ಪನೇ ಒಂದು ರಾತ್ರಿ ಊಟದಲ್ಲಿ, "ಏನೇ, ತಂತಿ ಕಿತ್ತುಹೋಯ್ತಾ?" ಎಂದರು. "ತಲೆನೋವು" ಎಂದಳು.

ತಲೆನೋವೆಂದರೆ ಕನ್ನಡಕದ ಪವರ್ ಬದಲಾಗಿರಬಹುದು. ಅಂಗಡಿಗೆ ಬಾ ಎಂದೆ. ಅವಳು ಬಂದದ್ದು ಅರ್ಜಿ ಮುಚ್ಚುವ ದಿನ, ಮಧ್ಯಾಹ್ನ. ಯಜಮಾನರು ಟೊಪ್ಪಿ ಹಾಕಿದ ಮುದುಕರೊಬ್ಬರಿಗೆ ಫ್ರೇಮುಗಳನ್ನು ತೋರಿಸುತ್ತಿದ್ದರು. "ಓಹೋ, ಪ್ರೆಸ್ಸಿನ ಮಾಲೀಕರು ಬಂದ್ರು," ಎಂದು ಹಳೆಯ ಜೋಕು ಹೊಡೆದರು. ಅವಳು ತುಟಿಯಂಚಿನಲ್ಲಿ ನಕ್ಕು ಒಳಗೆ ಬಂದಳು.

ಕುರ್ಚಿಯಲ್ಲಿ ಕೂರಿಸಿದೆ. ಚೌಕಟ್ಟು ಹಾಕಿ, ಗಾಜು ಬದಲಿಸಿ, ಒಂದು ಕಣ್ಣು ಮುಚ್ಚಿ ಓದು ಎಂದೆ. ಓದಿದಳು. ಅದರ ಕೆಳಗಿನದೂ ಓದಿದಳು. ಅಲ್ಲಿಗೆ ನಿಂತಳು.

"ಇಷ್ಟೇ. ಮುಂದೆ ಗೊತ್ತಾಗಲ್ಲ."

"ಇನ್ನೊಂದು ಸಾಲು ಕೆಳಗೆ. ಊಹೆ ಮಾಡು."

"ಬೇಡಕ್ಕ. ತಪ್ಪಾಗುತ್ತೆ. ಗೊತ್ತಿರೋದಷ್ಟೇ ಹೇಳ್ತೀನಿ."

ಬೆಳಗಿನಿಂದ ಸಂಜೆಯವರೆಗೆ ಇಂಥ ಮಾತು ಕೇಳುವುದೇ ನನ್ನ ಕಸುಬು. ಆದರೂ ಕೈಯಲ್ಲಿದ್ದ ಗಾಜನ್ನು ಟ್ರೇಯಲ್ಲಿಟ್ಟುಬಿಟ್ಟೆ. ಪ್ರೆಸ್ಸು ಹುಟ್ಟಿಸಿದ ಹುಡುಗಿ ಇವಳು. ಇದು ಅವಳ ಮಾತಲ್ಲ, ನನ್ನದು. ನಾನೇ ಅವಳ ಬಾಯಿಗೆ ತುರುಕಿದ್ದು. ನನ್ನ ಮೇಲೆ ನನಗೆ ಹೇಸಿಗೆಯಾಯಿತು.

ದೀಪ ಹಾಕಿದೆ. ಅವಳ ಮೂಗಿನ ಮೇಲಿಂದ ಚೌಕಟ್ಟು ತೆಗೆದೆ. ಕಣ್ಣು ಕಿರಿದು ಮಾಡಿಕೊಂಡು ನೋಡಿದಳು.

"ಅವರು ನಗಲಿಲ್ಲ ಕಣೇ," ಎಂದೆ.

"ಯಾರು?"

"ನದಿಯಾಚೆ ಕಾಲೇಜಿನವರು. ಯಾರೂ ನಗಲಿಲ್ಲ. ಭಾನುವಾರ ನಾನು ಹೇಳಿದ್ದು ಸುಳ್ಳು."

ಪಿಟೀಲು ತನ್ನ ಹಳೆಯ ಕನ್ನಡಕ ಹುಡುಕಿ ಹಾಕಿಕೊಂಡಳು. ಬೈಯುತ್ತಾಳೆ ಎಂದುಕೊಂಡೆ, ಬೈಯಲಿ ಎಂದು ಆಸೆಯೂ ಇತ್ತು. "ಮತ್ತೆ ಏನಾಯ್ತು ಅಲ್ಲಿ?" ಎಂದು ಕೇಳಿದಳು.

"ಮಧ್ಯದಲ್ಲಿ ವಯಸ್ಸಾದ ಡಾಕ್ಟರಮ್ಮ ಒಬ್ಬರು ಕೂತಿದ್ದರು. ಒಂದು ಪ್ರಶ್ನೆ ಕೇಳಿದರು. ಗೊತ್ತಿಲ್ಲ ಅಂದೆ. ಪರವಾಗಿಲ್ಲ, ಊಹೆ ಮಾಡಿ ಹೇಳಮ್ಮ ಅಂದರು. ನೀರಿನ ಲೋಟ ನನ್ನ ಕಡೆ ಸರಿಸಿದರು. ನೀರು ಪೂರ್ತಿ ಕುಡಿದೆ. ಬಾಯಿ ಬಿಡಲಿಲ್ಲ. ಅವರು ಕಾದರು. ಎಷ್ಟೋ ಹೊತ್ತು ಕಾದರು. ಆಮೇಲೆ ಹೋಗಿ ಬಾ ಅಂದರು. ಅಷ್ಟೇ."

"ಏನು ಪ್ರಶ್ನೆ?"

"ಈಗ ಈ ಆಸ್ಪತ್ರೇಲಿ ಎಷ್ಟು ಜನ ನಿದ್ದೆ ಮಾಡ್ತಿರಬಹುದು ಅಂತ."

"ಅಷ್ಟೇನಾ?"

"ಅಷ್ಟೇ. ಆ ಸಂಖ್ಯೆ ನನಗೆ ಹೇಗೆ ಗೊತ್ತಿರುತ್ತೆ?"

ಅವಳ ಬಾಯಿ ಸ್ವಲ್ಪ ತೆರೆದುಕೊಂಡಿತು. ಕಣ್ಣು ಚಾವಣಿಗೆ ಹೋಯಿತು. "ಬೆಳಗ್ಗೆನಾ, ಮಧ್ಯಾಹ್ನನಾ?"

"ಮಧ್ಯಾಹ್ನ ಅನ್ಸುತ್ತೆ. ಯಾಕೆ?"

"ಮಧ್ಯಾಹ್ನ ಆದ್ರೆ ಊಟ ಆಗಿರುತ್ತೆ, ವಾರ್ಡಲ್ಲಿ ಅರ್ಧಕ್ಕರ್ಧ ಮಲಗಿರ್ತಾರೆ. ಆದ್ರೆ ನೋವಿರೋರು ಮಲಗಲ್ಲ, ಕಣ್ಣು ಮುಚ್ಕೊಂಡಿರ್ತಾರೆ, ಅವರನ್ನ ಸೇರಿಸೋ ಹಾಗಿಲ್ಲ. ಆಪರೇಷನ್ ಟೇಬಲ್ ಮೇಲಿರೋರದ್ದು ನಿದ್ದೆನಾ ಅಲ್ವಾ? ಅದನ್ನ ಅವರನ್ನೇ ಕೇಳ್ತಿದ್ದೆ. ಆಮೇಲೆ ರೋಗಿ ಜೊತೆ ಬಂದೋರು, ಬೆಂಚ್ ಮೇಲೆ ಕೂತಲ್ಲೇ ತೂಕಡಿಸ್ತಾರಲ್ಲ, ಅವರೇ ಜಾಸ್ತಿ ಇರ್ತಾರೆ. ರಾತ್ರಿ ಡ್ಯೂಟಿ ಮುಗಿಸಿ ಬಸ್ ಸಿಗದೆ ಅಲ್ಲೇ ಮಲಗಿರೋ ನರ್ಸು. ಕಾವಲುಗಾರ ಒಬ್ಬ ಖಂಡಿತ. ಪಾಠ ಕೇಳ್ತಾ ಕೂತಿರೋ ವಿದ್ಯಾರ್ಥಿಗಳು ಒಂದು ಸಾಲು, ಹಿಂದಿನ ಸಾಲು…"

ಅವಳು ಕೈ ಬೆರಳು ಮಡಿಸುತ್ತ ಹೋಗುತ್ತಿದ್ದಳು. ಸಂಖ್ಯೆ ಎಲ್ಲೆಲ್ಲೋ ಅಲೆದು, ಹಿಂದೆ ಬಂದು, ಮತ್ತೆ ಏರಿತು. ಅದು ಸರಿಯೋ ತಪ್ಪೋ ದೇವರಿಗೇ ಗೊತ್ತು. ಆ ಡಾಕ್ಟರಮ್ಮ ಅಷ್ಟು ಹೊತ್ತು ಕಾದದ್ದು ಸಂಖ್ಯೆಗಲ್ಲ ಎಂದು ನನಗೆ ಆಗ ಅರ್ಥವಾಯಿತು. ಅವರಿಗೆ ಬೇಕಾಗಿದ್ದದ್ದು ಇದು. ಇದು ನನ್ನಲ್ಲಿ ಇರಲಿಲ್ಲ, ಇವಳಲ್ಲಿದೆ.

"ಇಷ್ಟು ಮಾತಾಡೋಳು ನನ್ನ ಒಂದು ಮಾತಿಗೆ ಹೆದರಿ ಬಿಟ್ಟುಬಿಟ್ಯಲ್ಲೇ," ಎಂದೆ.

ಬೆರಳು ಮಡಿಸುವುದು ನಿಂತಿತು. "ಹೆದರಿದ್ದು ನಿಜ. ಈಗ್ಲೂ ಬಾಯಿ ತೆಗೆಯೋಕೆ ಭಯಾನೇ. ಆದ್ರೆ ಬಿಟ್ಟಿದ್ದು ಅದಕ್ಕಲ್ಲ."

"ಮತ್ತೆ?"

"ಸುಮ್ನೆ ಅಳಿಸಿ ನೋಡೋಣ, ಆಮೇಲೆ ಮತ್ತೆ ಸೇರಿಸಿದ್ರಾಯ್ತು ಅಂತ ಅಳಿಸಿದೆ. ಅಷ್ಟರಲ್ಲಿ ನೀನು ನಕ್ಕೆ. ಎದ್ದು ಹೋಗಿ ಟೀ ಮಾಡಿದೆ. ಒಳಗೆ ಹಾಡ್ತಾ ಇದ್ದೆ ಅಕ್ಕ. ನೀನು ಹಾಡಿದ್ದು ನಾನು ಯಾವತ್ತೂ ಕೇಳಿರ್ಲಿಲ್ಲ. ಆಮೇಲೆ ಹೇಗೆ ಸೇರಿಸೋದು?"

ಅವಳು ಇದನ್ನು ದೂರಿನಂತೆ ಹೇಳಲಿಲ್ಲ, ಬಸ್ಸು ತಡವಾಯಿತು ಎನ್ನುವ ಹಾಗೆ ಹೇಳಿದಳು. ನನ್ನ ಸುಳ್ಳಿಗೆ ಮೋಸಹೋಗಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಮೋಸ ಮಾಡಿದವಳಿಗೆ ಕ್ಷಮೆ ಕೇಳುವ ದಾರಿಯಾದರೂ ಇರುತ್ತದೆ. ಇವಳು ನನ್ನ ನಗು ನೋಡಿ, ಅದರ ಬೆಲೆ ಎಷ್ಟೆಂದು ತಿಳಿದೇ, ತನ್ನ ಆಸೆಯನ್ನು ತೆಗೆದು ನನ್ನ ಮುಂದಿಟ್ಟಿದ್ದಳು. ನಾನು ಅದರ ಮೇಲೆ ಟೀ ಕುಡಿದಿದ್ದೆ.

"ಫೋನ್ ತೆಗಿ," ಎಂದೆ. "ಮುಚ್ಚೋವರೆಗೂ ತಿದ್ದಬಹುದು. ಸೇರಿಸು."

"ನೀನೇ ಸೇರಿಸು," ಎಂದು ಫೋನು ನನ್ನ ಕೈಗಿಟ್ಟಳು.

ಬೋರ್ಡಿನ ಅಕ್ಷರ ಉದುರಿದ ಕಾಲೇಜನ್ನು ತೆಗೆದೆ. ಆ ಜಾಗದಲ್ಲಿ ನದಿಯಾಚೆಯ ಕಾಲೇಜಿನ ಹೆಸರು ತುಂಬಿದೆ. ಹಿಂದೊಮ್ಮೆ ನನಗಾಗಿ ಬರೆದಿದ್ದ ಹೆಸರು. ಬೆರಳು ಅದನ್ನು ಮರೆತಿರಲಿಲ್ಲ. ಖಚಿತವೇ ಎಂದು ಫೋನು ಕೇಳಿತು.

"ಅಮ್ಮಂಗೆ ಯಾರು ಹೇಳ್ತಾರೆ?" ಎಂದು ಪಿಟೀಲು ಕೇಳಿದಳು.

"ನಾನೇ ಹೇಳ್ತೀನಿ. ಇವತ್ತೇ. ಅಪ್ಪಂಗೂ ಹೇಳಿ ಅವರ ಕುರ್ಚಿ ಅವರಿಗೆ ಕೊಡ್ತೀನಿ. ನಿನಗೆ ಕೋಪ ಇಲ್ವೇನೇ?"

"ಇದೆ. ಮೊದಲು ಕನ್ನಡಕ ಮಾಡ್ಕೊಡು. ನಿನ್ನ ಮುಖ ಸರಿಯಾಗಿ ಕಾಣೋ ಹಾಗಾದ್ಮೇಲೆ ಜಗಳ ಆಡ್ತೀನಿ."

ಹೌದು ಎಂಬಲ್ಲಿ ಒತ್ತಿದೆ. ಈಗ ನಾನು ಒಳ್ಳೆಯವಳಾದೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಒತ್ತುವ ಆ ಗಳಿಗೆಯಲ್ಲೂ, ಅವರು ಇವಳನ್ನು ಕರೆಯದಿದ್ದರೆ ಸಾಕಿತ್ತು ಎಂಬ ಆಸೆ ಎದೆಯ ಮೂಲೆಯಿಂದ ತಲೆ ಎತ್ತಿತು. ನಾಚಿಕೆಯಾಯಿತು, ಆದರೂ ಎತ್ತಿತು. ಅದು ಅಲ್ಲಿರುವುದನ್ನು ನೋಡುತ್ತಲೇ ಬೆರಳು ಒತ್ತಿದೆ. ನನ್ನಿಂದ ಆದದ್ದು ಅಷ್ಟೇ.

ದೀಪ ಆರಿಸಿ, ಚೌಕಟ್ಟನ್ನು ಮತ್ತೆ ಅವಳ ಮೂಗಿನ ಮೇಲಿಟ್ಟೆ. "ಇನ್ನೊಂದು ಸಾಲು ಕೆಳಗೆ," ಎಂದೆ.

ಅವಳು ಓದಲಿಲ್ಲ. ಕತ್ತಲಲ್ಲಿ ಇನ್ನೂ ಬೆರಳು ಮಡಿಸುತ್ತಿದ್ದಳು.

"ಅಕ್ಕ, ಬಾಣಂತಿಯರ ವಾರ್ಡ್ ಮರೆತೇಬಿಟ್ಟೆ. ಅಲ್ಲಿ ಮಗು ಮಲಗಿದ್ರೆ ಅಮ್ಮ ಎದ್ದಿರ್ತಾಳೆ, ಅಮ್ಮ ಮಲಗಿದ್ರೆ ಮಗು ಎದ್ದಿರುತ್ತೆ. ಇಬ್ಬರಿಗೂ ಸೇರಿ ಒಂದು ಅಂತ ಇಟ್ಕೊಳ್ಳಲಾ?"

"ಇಟ್ಕೋ," ಎಂದೆ.